ವಾಲ್ವ್ ಯಾರ ಕೈಯಲ್ಲಿ? ಗಡಿ ದಾಟುವ ನದಿಗಳ ಅಣೆಕಟ್ಟಿನ ಲೆಕ್ಕ

2025ರಲ್ಲಿ ನೀರಿನ ಸುದ್ದಿ ಎರಡು ಸಲ ಯುದ್ಧದ ಸುದ್ದಿಯ ಹಾಗೆ ಬಂತು. ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಭಯೋತ್ಪಾದಕರ ದಾಳಿ ನಡೆಯಿತು. ಮರುದಿನವೇ ಭಾರತ ಸಿಂಧು ಜಲ ಒಪ್ಪಂದವನ್ನು ಅಮಾನತಿನಲ್ಲಿ ಇಟ್ಟಿತು. ಇನ್ನು ಪಾಕಿಸ್ತಾನಕ್ಕೆ ಹನಿ ನೀರೂ ಹೋಗುವುದಿಲ್ಲ ಎಂದು ಟಿವಿಯಲ್ಲಿ ಚರ್ಚೆಗಳು ಶುರುವಾದವು. ಮೂರು ತಿಂಗಳು ತುಂಬುವ ಮೊದಲೇ, ಜುಲೈ 19ರಂದು, ಚೀನಾ ಟಿಬೆಟ್‌ನಲ್ಲಿ ಬ್ರಹ್ಮಪುತ್ರದ ಮೇಲ್ಭಾಗದಲ್ಲಿ ಜಗತ್ತಿನ ಅತಿ ದೊಡ್ಡ ಜಲವಿದ್ಯುತ್ ಯೋಜನೆಗೆ ಚಾಲನೆ ಕೊಟ್ಟಿತು. ಅದೇ ಟಿವಿಗಳಲ್ಲಿ ಈಗ ಚೀನಾದ ನೀರಿನ ಬಾಂಬ್ ಬಗ್ಗೆ ಚರ್ಚೆ.

ಎರಡನ್ನೂ ನೋಡಿದವರಿಗೆ ಗೊಂದಲ ಆಗುವುದು ಸಹಜ. ನಾವು ಪಾಕಿಸ್ತಾನದ ನೀರು ನಿಲ್ಲಿಸಬಹುದು ಅಂದರೆ ಚೀನಾನೂ ನಮ್ಮ ನೀರು ನಿಲ್ಲಿಸಬಹುದು ಅಲ್ವಾ? ಚೀನಾಕ್ಕೆ ಅದು ಆಗುವುದಿಲ್ಲ ಅಂದರೆ ನಮಗೆ ಹೇಗೆ ಆಗುತ್ತದೆ?

ಇದನ್ನು ಅರ್ಥ ಮಾಡಿಕೊಳ್ಳಲು ಹುಬ್ಬಳ್ಳಿ-ಧಾರವಾಡದವರು ದೂರ ಹೋಗಬೇಕಿಲ್ಲ. ದಿನಗಟ್ಟಲೆ ನಳದ ನೀರಿಗೆ ಕಾಯುವ ಓಣಿಗಳಲ್ಲಿ ಒಂದು ಸಂಗತಿ ಎಲ್ಲರಿಗೂ ಗೊತ್ತು. ವಾಲ್ವ್ ತಿರುಗಿಸುವವನು ನೀರಿನ ಒಡೆಯನಲ್ಲ. ಆದರೂ ನೀರು ಯಾವಾಗ ಬರುತ್ತದೆ ಅನ್ನುವುದು ಅವನಿಗೆ ಗೊತ್ತು, ನಮಗೆ ಗೊತ್ತಿಲ್ಲ. ಅವನು ರಾತ್ರಿ ಎರಡಕ್ಕೆ ಬಿಟ್ಟರೆ ನಾವು ಎರಡಕ್ಕೆ ಎದ್ದು ಕೊಡ ಹಿಡಿಯಬೇಕು. ಹೇಳದೆ ಒಂದು ದಿನ ತಪ್ಪಿಸಿದರೆ ಮನೆಯ ಲೆಕ್ಕವೆಲ್ಲ ಬುಡಮೇಲು. ಗಡಿ ದಾಟುವ ನದಿಗೆ ಅಣೆಕಟ್ಟು ಕಟ್ಟಿದ ದೇಶಕ್ಕೆ ಸಿಗುವುದು ಹೆಚ್ಚುಕಡಿಮೆ ಇದೇ ಅಧಿಕಾರ. ದೊಡ್ಡ ನದಿಯನ್ನು ಪೂರ್ತಿ ಹಿಡಿದಿಡುವ ತಾಕತ್ತು ಬಹಳ ಕಡಿಮೆ ದೇಶಗಳಿಗಿದೆ. ನೀರು ಬರುವ ಹೊತ್ತನ್ನು ಬದಲಿಸುವ ತಾಕತ್ತು, ಬದಲಿಸಿದ್ದನ್ನು ಹೇಳದೇ ಇರುವ ತಾಕತ್ತು ಸಣ್ಣ ಅಣೆಕಟ್ಟಿಗೂ ಬರುತ್ತದೆ.

ಸಿಂಧುವನ್ನು ತುಂಗಭದ್ರಾ ಡ್ಯಾಮಿನಲ್ಲಿ ಅಳೆದರೆ

ಮೊದಲು ಅಂಕಿ ನೋಡೋಣ. 1960ರ ಸೆಪ್ಟೆಂಬರ್ 19ರಂದು ಕರಾಚಿಯಲ್ಲಿ ನೆಹರೂ ಮತ್ತು ಅಯೂಬ್ ಖಾನ್ ಸಹಿ ಹಾಕಿದ ಒಪ್ಪಂದ ನದಿಗಳನ್ನೇ ಹಂಚಿಬಿಟ್ಟಿತು. ಪೂರ್ವದ ರಾವಿ, ಬಿಯಾಸ್, ಸಟ್ಲೆಜ್ ಭಾರತಕ್ಕೆ. ಪಶ್ಚಿಮದ ಸಿಂಧು, ಝೀಲಂ, ಚೆನಾಬ್ ಪಾಕಿಸ್ತಾನಕ್ಕೆ. ಮಧ್ಯಸ್ಥಿಕೆ ವಿಶ್ವಬ್ಯಾಂಕಿನದು. ಪಶ್ಚಿಮದ ಮೂರು ನದಿಗಳಲ್ಲಿ ವರ್ಷಕ್ಕೆ ಹರಿಯುವ ನೀರು ಸುಮಾರು 13.5 ಕೋಟಿ ಎಕರೆ-ಅಡಿ. ನಮಗೆ ಪರಿಚಯ ಇರುವ ಅಳತೆಯಲ್ಲಿ ಹೇಳಿದರೆ 5,800 ಟಿಎಂಸಿಗೂ ಜಾಸ್ತಿ.

ತುಂಗಭದ್ರಾ ಡ್ಯಾಮಿನಲ್ಲಿ ಈಗ ಹಿಡಿಸುವುದು ಸುಮಾರು 105 ಟಿಎಂಸಿ. ಅಂದರೆ ಪಾಕಿಸ್ತಾನಕ್ಕೆ ಹೋಗುವ ಒಂದು ವರ್ಷದ ನೀರನ್ನು ಹಿಡಿದಿಡಬೇಕಾದರೆ ಐವತ್ತಕ್ಕೂ ಹೆಚ್ಚು ತುಂಗಭದ್ರಾ ಡ್ಯಾಮುಗಳು ಬೇಕು. ಅದೂ ಹಿಮಾಲಯದ ಕಡಿದಾದ ಕಣಿವೆಗಳಲ್ಲಿ, ಭೂಕಂಪದ ಪಟ್ಟಿಯಲ್ಲಿ. ಹೊಸಪೇಟೆಯಲ್ಲಿ ಇರುವಂಥ ಅಗಲವಾದ ಬಯಲು ಅಲ್ಲಿ ಎಲ್ಲಿದೆ?

ಈ ಮೂರು ನದಿಗಳ ಮೇಲೆ ಭಾರತ ಕಟ್ಟಿಕೊಳ್ಳಬಹುದು ಎಂದು ಒಪ್ಪಂದವೇ ಬಿಟ್ಟುಕೊಟ್ಟ ಸಂಗ್ರಹ 36 ಲಕ್ಷ ಎಕರೆ-ಅಡಿ. ಸುಮಾರು 157 ಟಿಎಂಸಿ, ಅಂದರೆ ಒಂದೂವರೆ ತುಂಗಭದ್ರಾ. ಅರವತ್ತು ವರ್ಷ ದಾಟಿದರೂ ಅದನ್ನೂ ಭಾರತ ಪೂರ್ತಿ ಕಟ್ಟಿಕೊಂಡಿಲ್ಲ. ಚೆನಾಬ್ ಮೇಲಿನ 900 ಮೆಗಾವ್ಯಾಟ್‌ನ ಬಗ್ಲಿಹಾರ್ ಅಷ್ಟೊಂದು ಸುದ್ದಿ ಮಾಡಿದೆ. ವಿದ್ಯುತ್ತಿಗಾಗಿ ಅಲ್ಲಿ ಏರಿಳಿಸಬಹುದು ಎಂದು 2007ರಲ್ಲಿ ತಟಸ್ಥ ತಜ್ಞರು ಗೊತ್ತು ಮಾಡಿದ ನೀರು ಒಂದು ಟಿಎಂಸಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಕಾಶ್ಮೀರದ ಬಹುತೇಕ ಸ್ಥಾವರಗಳು ಈ ಜಾತಿಯವು. ನದಿಗೆ ಅಡ್ಡ ಕಟ್ಟುತ್ತಾರೆ. ನೀರನ್ನು ಸುರಂಗದಲ್ಲಿ ತಿರುಗಿಸಿ ಟರ್ಬೈನ್ ಮೇಲೆ ಬೀಳಿಸುತ್ತಾರೆ. ಅದೇ ನೀರನ್ನು ಮತ್ತೆ ನದಿಗೆ ಬಿಡುತ್ತಾರೆ. ಹಿಡಿದಿಡುವುದು ಗಂಟೆಗಳ ಅಥವಾ ಕೆಲವು ದಿನಗಳ ನೀರು. ಮಳೆಗಾಲದಲ್ಲಿ ಚೆನಾಬ್ ಉಕ್ಕಿ ಬಂದಾಗ ಬಗ್ಲಿಹಾರ್ ಗೇಟು ಮುಚ್ಚಿ ಕೂತರೆ ಏನಾಗುತ್ತದೆ? ಬೇಗ ತುಂಬುತ್ತದೆ. ಆಮೇಲೆ ಗೇಟು ತೆಗೆಯಲೇಬೇಕು.

ಹಾಗಾದರೆ ಆ ಮೇ ತಿಂಗಳಲ್ಲಿ ಆದದ್ದೇನು?

ಇಷ್ಟೇ ಆದರೆ ಪಾಕಿಸ್ತಾನ ಹೆದರುವುದು ಯಾಕೆ ಎಂಬ ಪ್ರಶ್ನೆ ಬರುತ್ತದೆ. ಉತ್ತರ 2025ರ ಮೇ ತಿಂಗಳ ಮೊದಲ ವಾರದಲ್ಲಿದೆ.

ಬಗ್ಲಿಹಾರ್ ಮತ್ತು ಸಲಾಲ್ ಜಲಾಶಯಗಳಲ್ಲಿ ತುಂಬಿದ್ದ ಹೂಳನ್ನು ಭಾರತ ಆಗ ಹೊರಗೆ ತಳ್ಳಿತು. ಜಲಾಶಯ ಖಾಲಿ ಮಾಡುವಾಗ ಕೆಸರು ನೀರು ಒಮ್ಮೆಲೆ ಕೆಳಗೆ ಹೋಗುತ್ತದೆ. ಮತ್ತೆ ತುಂಬಿಸುವಾಗ ಗೇಟು ಮುಚ್ಚಿರುತ್ತದೆ, ಕೆಳಗೆ ನದಿ ಒಣಗುತ್ತದೆ. ಒಪ್ಪಂದದ ಪ್ರಕಾರ ಈ ಕೆಲಸವನ್ನು ಮಳೆಗಾಲದಲ್ಲಿ, ನದಿ ತುಂಬಿದ್ದಾಗ ಮಾಡಬೇಕಿತ್ತು. ಮೇ ತಿಂಗಳಲ್ಲಿ ಮಾಡಿದ್ದರಿಂದ ಪಾಕಿಸ್ತಾನದ ಮರಾಲಾ ಬಳಿ ಚೆನಾಬ್ ಕೆಲವು ದಿನ ತೀರಾ ಇಳಿಯಿತು, ಆಮೇಲೆ ಏರಿತು. ವರ್ಷದ ಒಟ್ಟು ಲೆಕ್ಕದಲ್ಲಿ ಇದು ಏನೂ ಅಲ್ಲ. ಆದರೆ ಆ ಹೊತ್ತಿಗೆ ಅಲ್ಲಿ ಮುಂಗಾರು ಬೆಳೆಯ ಬಿತ್ತನೆ ಶುರುವಾಗಿರುತ್ತದೆ.

ನವಲಗುಂದದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೂನ್‌ನಲ್ಲಿ ಬರಬೇಕಾದ ಮಳೆ ಆಗಸ್ಟ್‌ನಲ್ಲಿ ಬಂದರೆ ವರ್ಷದ ಸರಾಸರಿ ಸರಿಯಾಗಿಯೇ ಇರುತ್ತದೆ, ಹೆಸರು ಬೆಳೆ ಮಾತ್ರ ಕೈಗೆ ಬರುವುದಿಲ್ಲ.

ಪಾಕಿಸ್ತಾನದ ಒಕ್ಕಲುತನದ ಬಹುಪಾಲು ನಿಂತಿರುವುದು ಸಿಂಧು ಕಾಲುವೆಗಳ ಮೇಲೆ. ನೀರು ತಿರುಗಿಸಿದರೆ ಅದನ್ನು ಯುದ್ಧವೆಂದೇ ನೋಡುತ್ತೇವೆ ಎಂದು ಆ ದೇಶ ಏಪ್ರಿಲ್ 24ರಂದೇ ಹೇಳಿತು. ಹನಿ ನೀರೂ ಬಿಡುವುದಿಲ್ಲ ಅನ್ನುವ ನಮ್ಮ ಮಾತು ಹೇಗೆ ಉಬ್ಬಿಸಿದ್ದೋ, ನಾಳೆಯೇ ನೀರಿಲ್ಲದೆ ಸಾಯುತ್ತೇವೆ ಎಂದು ಅಲ್ಲಿ ಎದ್ದ ಕೂಗೂ ಹಾಗೇ ಉಬ್ಬಿಸಿದ್ದು. ಬಿತ್ತನೆಯ ವಾರದಲ್ಲಿ ನೀರು ಆಡಿಸುವ ಶಕ್ತಿ ಮಾತ್ರ ನಿಜ.

ಇಬ್ಬರ ವಾದ

ಒಪ್ಪಂದ ಹುಟ್ಟಿದ್ದೇ ಇಂಥ ಒಂದು ಘಟನೆಯಿಂದ. ದೇಶ ಇಬ್ಭಾಗವಾದಾಗ ಕಾಲುವೆಗಳ ಬಾಯಿ ಭಾರತದಲ್ಲಿ ಉಳಿಯಿತು, ಹೊಲಗಳು ಪಾಕಿಸ್ತಾನಕ್ಕೆ ಹೋದವು. 1948ರ ಏಪ್ರಿಲ್ 1ರಂದು ಪೂರ್ವ ಪಂಜಾಬ್ ಆ ಕಾಲುವೆಗಳ ನೀರು ನಿಲ್ಲಿಸಿತು. ಮೇ ತಿಂಗಳಲ್ಲಿ ತಾತ್ಕಾಲಿಕ ಒಪ್ಪಂದವಾಗಿ ನೀರು ಹರಿಯಿತು. ಆದರೆ ವಾಲ್ವ್ ಯಾರ ಕೈಯಲ್ಲಿದೆ ಅನ್ನುವುದು ಪಾಕಿಸ್ತಾನಕ್ಕೆ ಆವತ್ತೇ ಗೊತ್ತಾಯಿತು. ಅದರ ಹೆದರಿಕೆಯ ಬೇರು ಅಲ್ಲಿದೆ.

ಭಾರತದ ವಾದ ಎರಡು ಪದರದ್ದು. ಒಂದು, ಭಯೋತ್ಪಾದನೆಗೆ ಬೆಂಬಲ ಕೊಡುತ್ತಲೇ ಒಪ್ಪಂದದ ಲಾಭ ಕೇಳಬಾರದು. ಇನ್ನೊಂದು ಪಹಲ್ಗಾಮ್‌ಗಿಂತ ಹಳೆಯದು. ಜನಸಂಖ್ಯೆ, ಹವಾಮಾನ, ವಿದ್ಯುತ್ತಿನ ಅಗತ್ಯ ಎಲ್ಲವೂ 1960ರಿಂದ ಬದಲಾಗಿದೆ, ಒಪ್ಪಂದವನ್ನು ತಿದ್ದೋಣ ಎಂದು ಭಾರತ 2023ರ ಜನವರಿಯಲ್ಲಿ ಮತ್ತು 2024ರ ಆಗಸ್ಟ್‌ನಲ್ಲಿ ನೋಟಿಸ್ ಕೊಟ್ಟಿತ್ತು. ನಾವು ಪ್ರತಿ ಸ್ಥಾವರ ಕಟ್ಟುವಾಗಲೂ ಪಾಕಿಸ್ತಾನ ತಕರಾರು ತೆಗೆದು ವರ್ಷಗಟ್ಟಲೆ ಎಳೆಯುತ್ತದೆ ಎಂಬ ಸಿಟ್ಟೂ ಇದೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಝೀಲಂ ಮೇಲಿನ ತುಲ್ಬುಲ್ ಯೋಜನೆ 1987ರಲ್ಲೇ ಹೀಗೆ ನಿಂತುಹೋಗಿತ್ತು.

ಪಾಕಿಸ್ತಾನದ ವಾದ ಕಾನೂನಿನದು. ಒಬ್ಬರೇ ಅಮಾನತಿನಲ್ಲಿ ಇಡಬಹುದು ಎಂಬ ಕಲಮು ಒಪ್ಪಂದದಲ್ಲಿ ಇಲ್ಲ. ಇಬ್ಬರೂ ಕೂಡಿ ಇನ್ನೊಂದು ಒಪ್ಪಂದ ಮಾಡಿಕೊಂಡರೆ ಮಾತ್ರ ಇದು ಮುಗಿಯುತ್ತದೆ. 2025ರ ಜೂನ್‌ನಲ್ಲಿ ಹೇಗ್‌ನ ಮಧ್ಯಸ್ಥಿಕೆ ನ್ಯಾಯಾಲಯ, ಅಮಾನತು ಮಾಡಿದ್ದರಿಂದ ತನ್ನ ಅಧಿಕಾರವೇನೂ ಹೋಗುವುದಿಲ್ಲ ಎಂದಿತು. ಆ ನ್ಯಾಯಾಲಯ ರಚನೆಯಾದದ್ದೇ ಸರಿಯಲ್ಲ ಎಂದು ಭಾರತ ತೀರ್ಪನ್ನು ತಳ್ಳಿಹಾಕಿತು. ಆ ತೀರ್ಪನ್ನು ಜಾರಿ ಮಾಡಿಸುವ ಪೊಲೀಸ್ ಠಾಣೆ ಜಗತ್ತಿನಲ್ಲಿ ಎಲ್ಲೂ ಇಲ್ಲ.

ನೀರಿಗಿಂತ ತುಟ್ಟಿ ಅದರ ಸುದ್ದಿ

ಅಮಾನತಿನಿಂದ ಕೂಡಲೇ ನಿಂತುಹೋದದ್ದು ನೀರಲ್ಲ. ನಿಂತದ್ದು ಮಾಹಿತಿ. ಎರಡೂ ದೇಶದ ಸಿಂಧು ಆಯುಕ್ತರು ನದಿಯ ಮಟ್ಟ, ಗೇಟಿನ ಸ್ಥಿತಿ, ನೆರೆಯ ಮುನ್ಸೂಚನೆಗಳನ್ನು ಕೊಟ್ಟು ತೆಗೆದುಕೊಳ್ಳುತ್ತಿದ್ದರು. 1965, 1971, 1999ರ ಯುದ್ಧಗಳಲ್ಲೂ ಒಪ್ಪಂದ ಮುರಿದಿರಲಿಲ್ಲ. 2025ರ ಆಗಸ್ಟ್‌ನಲ್ಲಿ ಜಮ್ಮುವಿನಲ್ಲಿ ತಾವಿ ನದಿ ಉಕ್ಕಿದಾಗ ಭಾರತ ಪಾಕಿಸ್ತಾನಕ್ಕೆ ಎಚ್ಚರಿಕೆ ಕೊಟ್ಟಿತು, ನಿಜ. ಆದರೆ ಆಯುಕ್ತರ ಮೂಲಕ ಕೊಡಲಿಲ್ಲ. ಮಾನವೀಯ ನೆಲೆಯಲ್ಲಿ ಎಂದು ಹೇಳಿ ರಾಯಭಾರ ಕಚೇರಿಯ ಮೂಲಕ ಕೊಟ್ಟಿತು. ಮೊದಲು ಕೊಡಲೇಬೇಕಾಗಿದ್ದ ಸುದ್ದಿ ಈಗ ಮನಸ್ಸಿದ್ದರೆ ಕೊಡುವ ಸುದ್ದಿಯಾಯಿತು.

ಕೆಳಗೆ ಕೂತವರ ಪಾಡು ನಮಗೂ ಗೊತ್ತಿದೆ. 2017ರಲ್ಲಿ ದೋಕಲಾಂನಲ್ಲಿ ಭಾರತ ಮತ್ತು ಚೀನಾದ ಸೈನಿಕರು ಎದುರಾಬದುರಾಗಿ ನಿಂತರು. ಆ ಮಳೆಗಾಲ ಬ್ರಹ್ಮಪುತ್ರದ ನೀರಿನ ಮಟ್ಟದ ಮಾಹಿತಿ ಚೀನಾದಿಂದ ಭಾರತಕ್ಕೆ ಬರಲಿಲ್ಲ. ಮಾಪನ ಕೇಂದ್ರಗಳಲ್ಲಿ ರಿಪೇರಿ ನಡೆದಿದೆ ಎಂಬ ಕಾರಣ ಬಂತು. ಅದೇ ನದಿಯ ಮಾಹಿತಿ ಬಾಂಗ್ಲಾದೇಶಕ್ಕೆ ಮಾತ್ರ ತಪ್ಪದೆ ಹೋಗುತ್ತಿತ್ತು! ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಮಾಹಿತಿ ತಡೆಯಲು ಅಣೆಕಟ್ಟೂ ಬೇಡ, ಸಿಮೆಂಟೂ ಬೇಡ.

ದೇಶದ ಒಳಗೆ ನಿಯಮಗಳಿವೆ, ಫೋನುಗಳಿವೆ. ಹಾಗಿದ್ದರೂ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾದ 19ನೇ ಕ್ರಸ್ಟ್ ಗೇಟು ಕೊಚ್ಚಿಹೋದಾಗ ಕೆಳಗಿನ ಊರುಗಳ ಜನ ಎಷ್ಟು ಗಾಬರಿಯಾದರು ನೆನಪಿರಬಹುದು. ಆವತ್ತು ಸುದ್ದಿ ಕೂಡಲೇ ಸಿಕ್ಕಿತು. ಬಿಡುವವರೂ ನಮ್ಮವರೇ, ಕೇಳಬಹುದಾದವರು. ಮೇಲೆ ಇರುವುದು ಮಾತು ಬಿಟ್ಟ ಪಕ್ಕದ ದೇಶ ಆಗಿದ್ದರೆ?

ಚೀನಾದ ಅಣೆಕಟ್ಟು: ಹೆದರಬೇಕಾದ್ದು ಯಾವುದಕ್ಕೆ?

ಟಿಬೆಟ್‌ನಲ್ಲಿ ಯಾರ್ಲುಂಗ್ ತ್ಸಾಂಗ್ಪೊ ಎಂದು ಕರೆಯುವ ಬ್ರಹ್ಮಪುತ್ರ ಅರುಣಾಚಲಕ್ಕೆ ಬರುವ ಮೊದಲು ದೊಡ್ಡ ತಿರುವು ತೆಗೆದುಕೊಳ್ಳುತ್ತದೆ. ಅಲ್ಲಿ ಸುಮಾರು 50 ಕಿಲೋಮೀಟರಿನಲ್ಲಿ 2,000 ಮೀಟರ್ ಇಳಿಯುತ್ತದೆ. ವಿದ್ಯುತ್ ಎಂಜಿನಿಯರ್ ಒಬ್ಬ ನಿದ್ದೆಯಲ್ಲಿ ಕಾಣುವ ಕನಸು ಅದು. ಚೀನಾದ ಯೋಜನೆ ಸುಮಾರು 60,000 ಮೆಗಾವ್ಯಾಟ್‌ನದು. ಚೀನಾದ್ದೇ ತ್ರೀ ಗಾರ್ಜಸ್ ಸ್ಥಾವರದ 22,500ಕ್ಕೆ ಹೋಲಿಸಿ ನೋಡಿ. ಐದು ಸ್ಥಾವರಗಳ ಸಾಲು. ಹೇಳಿರುವ ವೆಚ್ಚ 1.2 ಲಕ್ಷ ಕೋಟಿ ಯುವಾನ್.

ಇದನ್ನು ನೀರಿನ ಬಾಂಬ್ ಎಂದು ಕರೆದವರು ಅರುಣಾಚಲದ ಮುಖ್ಯಮಂತ್ರಿ ಪೆಮಾ ಖಂಡು. ಪಕ್ಕದ ಅಸ್ಸಾಂ ಮುಖ್ಯಮಂತ್ರಿ ಹಿಮಂತ ಬಿಸ್ವ ಶರ್ಮಾ, ತಕ್ಷಣ ಗಾಬರಿಯಾಗುವಂಥದ್ದೇನಿಲ್ಲ ಎಂದರು. ಇಬ್ಬರೂ ಒಂದೇ ಪಕ್ಷದವರು. ಸ್ವಲ್ಪ ತಾಳ್ಮೆಯಿಂದ ನೋಡಿದರೆ ಇಬ್ಬರ ಮಾತೂ ಸರಿಯೇ.

ಶರ್ಮಾ ಅವರ ಮಾತಿನ ಹಿಂದೆ ಇರುವುದು ಮಳೆಯ ಲೆಕ್ಕ. ಟಿಬೆಟ್‌ನ ಬಹುಭಾಗ ಮಳೆ ಕಡಿಮೆ ಇರುವ ಪ್ರದೇಶ. ಬ್ರಹ್ಮಪುತ್ರಕ್ಕೆ ಅದರ ಆಕಾರ ಬರುವುದು ಅರುಣಾಚಲ, ಅಸ್ಸಾಂ, ಮೇಘಾಲಯದ ಮುಂಗಾರಿನಿಂದ, ಅಲ್ಲಿ ಸೇರುವ ಉಪನದಿಗಳಿಂದ. ಚೀನಾ ಪೂರ್ತಿ ಗೇಟು ಹಾಕಿದರೂ ಗುವಾಹಟಿಯಲ್ಲಿ ನದಿ ಇರುತ್ತದೆ.

ಖಂಡು ಅವರ ರಾಜ್ಯದ ಊರುಗಳು ಇರುವುದು ಗಡಿಯ ಪಕ್ಕದಲ್ಲಿ, ಸಿಯಾಂಗ್ ದಂಡೆಯಲ್ಲಿ. ಅರುಣಾಚಲದಲ್ಲಿ ಇದೇ ನದಿಯ ಹೆಸರು ಸಿಯಾಂಗ್. ಅಲ್ಲಿಗೆ ಮೇಲಿನಿಂದ ಒಮ್ಮೆಲೆ ಬರುವ ನೀರಿನದೇ ಭಯ. ಅದು ಬರೀ ಊಹೆಯಲ್ಲ. 2000ದ ಜೂನ್‌ನಲ್ಲಿ ಟಿಬೆಟ್‌ನ ಯಿಗಾಂಗ್‌ನಲ್ಲಿ ಗುಡ್ಡ ಕುಸಿದು ತಾನಾಗಿ ನಿಂತಿದ್ದ ಒಡ್ಡು ಒಡೆಯಿತು. ಆ ಪ್ರವಾಹ ಸಿಯಾಂಗ್ ದಂಡೆಯ ಸೇತುವೆಗಳನ್ನು ಕೊಚ್ಚಿಕೊಂಡು ಹೋಯಿತು. 1950ರ ಆಗಸ್ಟ್ 15ರಂದು ಇದೇ ಸೀಮೆಯಲ್ಲಿ 8.6 ತೀವ್ರತೆಯ ಭೂಕಂಪ ಆಗಿತ್ತು. 2023ರ ಅಕ್ಟೋಬರ್ 4ರಂದು ಸಿಕ್ಕಿಂನ ಸೌತ್ ಲೋನಾಕ್ ಹಿಮಸರೋವರ ಒಡೆದಾಗ, 1,200 ಮೆಗಾವ್ಯಾಟ್‌ನ ತೀಸ್ತಾ-3ರ ಅಣೆಕಟ್ಟು ಚುಂಗ್‌ಥಾಂಗ್‌ನಲ್ಲಿ ಕೊಚ್ಚಿಹೋಯಿತು. ಅದು ನಮ್ಮದೇ ಅಣೆಕಟ್ಟು. ಹಿಮಾಲಯಕ್ಕೆ ಪಾಸ್‌ಪೋರ್ಟ್ ಗೊತ್ತಿಲ್ಲ.

ಚೀನಾಕ್ಕೆ ಉತ್ತರವಾಗಿ ಭಾರತ ಸಿಯಾಂಗ್ ಮೇಲೆ ಸುಮಾರು 11,000 ಮೆಗಾವ್ಯಾಟ್‌ನ ದೊಡ್ಡ ಜಲಾಶಯ ಕಟ್ಟಲು ಹೊರಟಿದೆ. ಮೇಲಿನಿಂದ ಒಮ್ಮೆಲೆ ನೀರು ಬಂದರೆ ತಡೆದುಕೊಳ್ಳಬಹುದು, ಕಡಿಮೆ ಬಂದರೆ ಕೂಡಿಟ್ಟದ್ದನ್ನು ಬಿಡಬಹುದು ಎಂಬ ಲೆಕ್ಕ. ಆದರೆ ಆ ನೀರಿನಡಿ ಹೋಗುವುದು ಆದಿ ಬುಡಕಟ್ಟಿನವರ ಊರು, ಗದ್ದೆ. ಅವರಲ್ಲಿ ಬಹಳ ಜನ ಸಮೀಕ್ಷೆಗೇ ಅಡ್ಡ ನಿಂತರು. ದೇಶ ದೇಶಗಳ ನಡುವಿನ ಅಪನಂಬಿಕೆಯ ಬಿಲ್ಲು ಬರುವುದು ಯಾವಾಗಲೂ ಇಂಥವರ ಮನೆಗೇ. ಇನ್ನೂ ಕೆಳಗಿರುವ ಬಾಂಗ್ಲಾದೇಶ ಇನ್ನು ಎರಡೂ ಅಣೆಕಟ್ಟುಗಳಿಗೆ ಹೆದರಬೇಕು.

ಹೂಳಿನ ರಾಜಕೀಯ

ನದಿ ಅಂದರೆ ಬರೀ ನೀರಲ್ಲ, ಮಣ್ಣೂ ಹೌದು. ಈ ಜಗಳಗಳಲ್ಲಿ ಯಾರೂ ಹೆಚ್ಚು ಮಾತಾಡದ, ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ವಿಷಯ ಇದು.

1953ರಲ್ಲಿ ತುಂಗಭದ್ರಾ ಡ್ಯಾಮು ತುಂಬಿದಾಗ ಸುಮಾರು 133 ಟಿಎಂಸಿ ಹಿಡಿಸುತ್ತಿತ್ತು. ಈಗ ಸುಮಾರು 105. ಉಳಿದ ಜಾಗದಲ್ಲಿ ಹೂಳು ಕೂತಿದೆ. ಹರಿಯುವ ನೀರು ಮಣ್ಣನ್ನು ಹೊತ್ತು ತರುತ್ತದೆ. ನಿಂತ ನೀರಿಗೆ ಹೊರುವ ಶಕ್ತಿ ಇಲ್ಲ, ಕೆಳಗೆ ಇಳಿಸಿಬಿಡುತ್ತದೆ. ಹಿಮಾಲಯದ ಮಣ್ಣು ಎಳೆಯದು, ಸಡಿಲ. ಅಲ್ಲಿ ಇದು ಇನ್ನೂ ಬೇಗ ಆಗುತ್ತದೆ.

ಹೂಳಿಗೆ ರಾಜಕೀಯ ಸೇರಿದರೆ ಏನಾಗುತ್ತದೆ ಅನ್ನುವುದಕ್ಕೆ ಸಲಾಲ್ ನೋಡಬೇಕು. ಚೆನಾಬ್ ಮೇಲಿನ ಈ ಅಣೆಕಟ್ಟಿಗೆ ಪಾಕಿಸ್ತಾನ ತಕರಾರು ತೆಗೆಯಿತು. ತಳದಲ್ಲಿ ಗೇಟುಗಳಿದ್ದರೆ ಭಾರತ ನೀರನ್ನು ಆಡಿಸುತ್ತದೆ ಎಂಬ ಭಯ. 1978ರ ಒಪ್ಪಂದದಲ್ಲಿ ಭಾರತ ಒಪ್ಪಿಕೊಂಡು ಆ ತಳದ ಬಾಯಿಗಳನ್ನು ಮುಚ್ಚಿಬಿಟ್ಟಿತು. ಹೂಳು ಹೊರಗೆ ಹೋಗುವ ದಾರಿಯೂ ಅದೇ ಆಗಿತ್ತು. ಜಲಾಶಯದ ಬಹುಪಾಲು ಮಣ್ಣಿನಿಂದ ತುಂಬಿಹೋಯಿತು. ಒಬ್ಬರ ಭಯ, ಇನ್ನೊಬ್ಬರ ಅವಸರ ಎರಡೂ ಸೇರಿ ಕೆಟ್ಟದ್ದು ಅಣೆಕಟ್ಟು. ಮುಂದೆ ಬಗ್ಲಿಹಾರ್ ವಿಷಯದಲ್ಲಿ ತಜ್ಞರು ತಳದ ಗೇಟುಗಳಿಗೆ ಒಪ್ಪಿಗೆ ಕೊಟ್ಟದ್ದು ಈ ಹೂಳಿನ ಕಾರಣಕ್ಕೇ. ಒಂದೇ ಬಾಯಿ. ಎಂಜಿನಿಯರ್‌ಗೆ ಅದು ಹೂಳು ತೆಗೆಯುವ ದಾರಿ, ಕೆಳಗಿನ ದೇಶಕ್ಕೆ ಅದು ತನ್ನ ಕುತ್ತಿಗೆ ಹಿಡಿಯುವ ಕೈ. ಈ ಎರಡು ಅರ್ಥವನ್ನು ಬೇರೆ ಮಾಡುವುದು ಕಾಂಕ್ರೀಟಿನಿಂದ ಆಗುವ ಕೆಲಸವಲ್ಲ.

ಜಲಾಶಯದಲ್ಲಿ ನಿಂತ ಮಣ್ಣು ನದಿ ಸಮುದ್ರ ಸೇರುವಲ್ಲಿನ ಮುಖಜ ಭೂಮಿಗೆ ತಲುಪುವುದಿಲ್ಲ. ಸಮುದ್ರ ಪ್ರತಿ ವರ್ಷ ದಂಡೆಯನ್ನು ಕೊರೆಯುತ್ತದೆ, ನದಿ ಪ್ರತಿ ವರ್ಷ ಮಣ್ಣು ತಂದು ತುಂಬುತ್ತದೆ. ತುಂಬುವವರು ಬಾರದಿದ್ದರೆ ಕೊರೆಯುವವರೇ ಗೆಲ್ಲುತ್ತಾರೆ. 1970ರಲ್ಲಿ ಈಜಿಪ್ಟ್‌ನ ಆಸ್ವಾನ್ ಎತ್ತರದ ಅಣೆಕಟ್ಟು ಮುಗಿದ ಮೇಲೆ ನೈಲ್ ಮುಖಜ ಭೂಮಿ ಸವೆಯಿತು. ಹೊಲಗಳಿಗೆ ಪುಕ್ಕಟೆ ಬರುತ್ತಿದ್ದ ಮೆಕ್ಕಲು ನಿಂತು ಗೊಬ್ಬರ ಕೊಳ್ಳಬೇಕಾಯಿತು. ಸಿಂಧು ಮುಖದಲ್ಲೂ ಹೀಗೇ. ಮೇಲಿನ ಅಣೆಕಟ್ಟು, ಬ್ಯಾರೇಜು, ಕಾಲುವೆಗಳು ನೀರನ್ನೆಲ್ಲ ಎಳೆದುಕೊಂಡು ಸಿಂಧ್ ಪ್ರಾಂತದ ಕೋಟ್ರಿ ಬ್ಯಾರೇಜಿನ ಕೆಳಗೆ ವರ್ಷದ ಎಷ್ಟೋ ತಿಂಗಳು ನದಿ ಇರುವುದಿಲ್ಲ. ಸಮುದ್ರದ ಉಪ್ಪು ಹೊಲಕ್ಕೆ ನುಗ್ಗಿದೆ. ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಕ್ಷೀಣಿಸಿದೆ. ಇದನ್ನು ಮಾಡಿದ್ದು ಭಾರತವಲ್ಲ, ಪಾಕಿಸ್ತಾನವೇ ತನ್ನ ಪ್ರಾಂತಕ್ಕೆ ಮಾಡಿಕೊಂಡದ್ದು. ಪಂಜಾಬ್‌ನ ಹೊಸ ಕಾಲುವೆಗಳ ವಿರುದ್ಧ ಸಿಂಧ್‌ನ ವಕೀಲರು, ರೈತರು ಹೆದ್ದಾರಿ ತಡೆದು ಕೂತದ್ದು 2025ರ ಅದೇ ಏಪ್ರಿಲ್‌ನಲ್ಲಿ. ತಿಂಗಳ ಕೊನೆಗೆ ಆ ಯೋಜನೆಯನ್ನು ಕೈಬಿಡಬೇಕಾಯಿತು. ಮಹದಾಯಿ ನೀರಿಗಾಗಿ ನರಗುಂದದಲ್ಲಿ ಕೂತವರಿಗೆ ಆ ಧರಣಿ ಗುರುತು ಹತ್ತುತ್ತದೆ.

ಫರಕ್ಕಾ ಇನ್ನೂ ವಿಚಿತ್ರ. ಕೋಲ್ಕತ್ತಾ ಬಂದರಿನ ಹೂಳು ತೊಳೆಯಲೆಂದು ಗಂಗೆಯ ನೀರನ್ನು ಹೂಗ್ಲಿಗೆ ತಿರುಗಿಸಲು ಕಟ್ಟಿ 1975ರಲ್ಲಿ ಶುರು ಮಾಡಿದ ಬ್ಯಾರೇಜು ಅದು. ಕೆಳಗೆ ಬಾಂಗ್ಲಾದೇಶದಲ್ಲಿ ಬೇಸಿಗೆಯ ಹರಿವು ಇಳಿದು ಖುಲ್ನಾ ಕಡೆ ಉಪ್ಪು ಏರಿತು. ಮೇಲೆ ಬಿಹಾರದಲ್ಲಿ ಹೂಳು ತುಂಬಿ ನೆರೆ ಜಾಸ್ತಿಯಾಯಿತು ಎಂದು 2016ರಲ್ಲಿ ನಿತೀಶ್ ಕುಮಾರ್ ಬ್ಯಾರೇಜನ್ನೇ ತೆಗೆಯಿರಿ ಎಂದರು. ಸಮುದ್ರದಿಂದ ಅಲಹಾಬಾದಿನವರೆಗೆ ಈಜಿ ಬರುತ್ತಿದ್ದ ಹಿಲ್ಸಾ ಮೀನು ಫರಕ್ಕಾದಲ್ಲಿ ತಡೆದು ನಿಂತಿತು. ಮೇಲಿನವರೂ ಬೈಯುವ, ಕೆಳಗಿನವರೂ ಬೈಯುವ ಕಟ್ಟಡ ಬಹಳ ಇಲ್ಲ.

ಮೀನಿಗೂ ಹೊತ್ತೇ ಮುಖ್ಯ. ಕಾಂಬೋಡಿಯಾದ ತೊನ್ಲೆ ಸಾಪ್ ಸರೋವರಕ್ಕೆ ಮಳೆಗಾಲದಲ್ಲಿ ಮೆಕಾಂಗ್‌ನ ನೀರು ನಡುವಿನ ಸಣ್ಣ ನದಿಯಲ್ಲಿ ಹಿಂದಕ್ಕೆ ಹರಿದು ಹೋಗಿ ತುಂಬುತ್ತದೆ. ಮೀನು ಮರಿ ಮಾಡುವುದು ಆಗ. ಮೇಲೆ ಚೀನಾದ ಹನ್ನೊಂದಕ್ಕೂ ಹೆಚ್ಚು ಅಣೆಕಟ್ಟುಗಳಿವೆ. 2019ರ ಬರದಲ್ಲಿ ಆ ಹಿಮ್ಮುಖ ಹರಿವು ತಡವಾಯಿತು, ಸೊರಗಿತು. ಬರ ಎಷ್ಟು, ಅಣೆಕಟ್ಟು ಎಷ್ಟು ಎಂಬ ವಾದ ಇನ್ನೂ ನಡೆದಿದೆ.

ಮೇಲಿನವರ ನ್ಯಾಯ, ಕೆಳಗಿನವರ ನ್ಯಾಯ

1895ರಲ್ಲಿ ಅಮೆರಿಕದ ಅಟಾರ್ನಿ ಜನರಲ್ ಹಾರ್ಮನ್ ಎಂಬುವರು ಮೆಕ್ಸಿಕೊಗೆ ಒಂದು ಉತ್ತರ ಕೊಟ್ಟರು. ನಮ್ಮ ನೆಲದಲ್ಲಿ ಹರಿಯುವ ನೀರು ನಮ್ಮದು, ಹೇಗಾದರೂ ಬಳಸುತ್ತೇವೆ. ಮೇಲಿನ ದೇಶಗಳಿಗೆಲ್ಲ ಇದು ಇಷ್ಟದ ಮಾತು. ತಮಾಷೆ ಏನೆಂದರೆ ಹನ್ನೊಂದೇ ವರ್ಷದಲ್ಲಿ, 1906ರಲ್ಲಿ, ಅದೇ ಅಮೆರಿಕ ಮೆಕ್ಸಿಕೊಗೆ ನೀರು ಕೊಡಲು ಒಪ್ಪಂದ ಮಾಡಿಕೊಂಡಿತು. ಕೆಳಗಿನವರ ಮಾತು ಇದಕ್ಕೆ ತಿರುಗುಮುರುಗು. ನದಿ ಮೊದಲಿನಿಂದ ಹೇಗೆ ಬರುತ್ತಿತ್ತೋ ಹಾಗೇ ಬರಲಿ, ಮುಟ್ಟಬೇಡಿ. ಈಜಿಪ್ಟ್ ನೈಲ್ ಬಗ್ಗೆ ಹೇಳುತ್ತ ಬಂದಿರುವುದು ಇದನ್ನೇ. 1959ರಲ್ಲಿ ಈಜಿಪ್ಟ್ ಮತ್ತು ಸುಡಾನ್ ಇಬ್ಬರೇ ಕೂತು ನೈಲ್ ನೀರನ್ನು ಹಂಚಿಕೊಂಡವು. ನೈಲಿಗೆ ಶೇ 85ರಷ್ಟು ನೀರು ಕೊಡುವ ಇಥಿಯೋಪಿಯಾಕ್ಕೆ ಅದರಲ್ಲಿ ಸೊನ್ನೆ. 2011ರಲ್ಲಿ ಇಥಿಯೋಪಿಯಾ ತನ್ನದೇ ಜನರ ದುಡ್ಡು ಕೂಡಿಸಿ ದೊಡ್ಡ ಅಣೆಕಟ್ಟು ಶುರು ಮಾಡಿತು. 2025ರ ಸೆಪ್ಟೆಂಬರ್ 9ರಂದು ಉದ್ಘಾಟಿಸಿತು. ಅದರಲ್ಲಿ ಹಿಡಿಸುವ ನೀರು ಇಪ್ಪತ್ತನಾಲ್ಕಕ್ಕೂ ಹೆಚ್ಚು ತುಂಗಭದ್ರೆಗಳಷ್ಟು. ತುಂಬಿಸುವ ವರ್ಷಗಳಲ್ಲಿ ಈಜಿಪ್ಟ್ ಒಣಗಲಿಲ್ಲ, ಮಳೆ ಚೆನ್ನಾಗಿತ್ತು. ಆದರೆ ಉದ್ಘಾಟನೆ ಆದ ಕೆಲವೇ ವಾರಕ್ಕೆ ಸುಡಾನ್‌ನಲ್ಲಿ ನೆರೆ ಬಂತು. ಹೇಳದೆ ಕೇಳದೆ ನೀರು ಬಿಟ್ಟಿರಿ ಎಂದು ಈಜಿಪ್ಟ್ ದೂರಿತು. ನಾವು ಇಲ್ಲದಿದ್ದರೆ ನೆರೆ ಇನ್ನೂ ಜೋರಾಗುತ್ತಿತ್ತು ಎಂದಿತು ಇಥಿಯೋಪಿಯಾ.

ಎರಡರ ನಡುವಿನ ದಾರಿ 1997ರ ವಿಶ್ವಸಂಸ್ಥೆ ಒಡಂಬಡಿಕೆಯಲ್ಲಿದೆ. ಎಲ್ಲರೂ ನ್ಯಾಯವಾಗಿ ಬಳಸಿ, ಇನ್ನೊಬ್ಬರಿಗೆ ದೊಡ್ಡ ಹಾನಿ ಮಾಡಬೇಡಿ, ಕಟ್ಟುವ ಮೊದಲು ತಿಳಿಸಿ. ವಿರುದ್ಧ ಮತ ಹಾಕಿದ್ದು ಚೀನಾ, ಟರ್ಕಿ, ಬುರುಂಡಿ ಮೂರೇ ದೇಶ. ಭಾರತ, ಪಾಕಿಸ್ತಾನ ಎರಡೂ ಮತ ಹಾಕದೆ ಕೂತವು. ಒಂದು ನದಿಗೆ ಮೇಲಿನವರು, ಇನ್ನೊಂದು ನದಿಗೆ ಕೆಳಗಿನವರು ಆಗಿರುವ ದೇಶಕ್ಕೆ ಕೈ ಎತ್ತುವುದು ಕಷ್ಟ.

ಆ ಕಷ್ಟ ನಮ್ಮದೂ ಹೌದು. ಮಹದಾಯಿಯಲ್ಲಿ ನಾವು ಮೇಲಿನವರು. ಖಾನಾಪುರದಲ್ಲಿ ಹುಟ್ಟುವ ನದಿಯಿಂದ ಕಳಸಾ-ಬಂಡೂರಿ ಮೂಲಕ ಮಲಪ್ರಭೆಗೆ ನೀರು ತಂದರೆ ನವಿಲುತೀರ್ಥ ತುಂಬುತ್ತದೆ, ಹುಬ್ಬಳ್ಳಿ-ಧಾರವಾಡದ ನಳಕ್ಕೂ ಬರುತ್ತದೆ. ನ್ಯಾಯಮಂಡಳಿ 2018ರಲ್ಲಿ ಈ ತಿರುವಿಗೆ ಕೊಟ್ಟದ್ದು 3.9 ಟಿಎಂಸಿ. ಇಡೀ ನದಿಯಲ್ಲಿ ಇದು ಎಷ್ಟರದು ಎಂದು ನಾವು ಕೇಳುತ್ತೇವೆ. ಬೇಸಿಗೆಯಲ್ಲಿ ಉಪ್ಪು ಒಳಗೆ ಬಂದರೆ, ಕಾಡು ಒಣಗಿದರೆ ಏನು ಮಾಡುವುದು ಎಂದು ಗೋವಾ ಕೇಳುತ್ತದೆ. ನಾವು ವರ್ಷದ ಮೊತ್ತ ಹೇಳುತ್ತೇವೆ, ಅವರು ತಿಂಗಳ ಲೆಕ್ಕ ಕೇಳುತ್ತಾರೆ. ಚೆನಾಬ್‌ನಲ್ಲಿ ನಡೆದ ವಾದವೇ ಇದು. ಕೃಷ್ಣೆಗೆ ಬನ್ನಿ, ನಾವು ಮಹಾರಾಷ್ಟ್ರದ ಕೆಳಗೆ. ಅಲ್ಲಿ ಕೊಯ್ನಾದಿಂದ ಯಾವಾಗ, ಎಷ್ಟು ಬಿಟ್ಟಿರಿ ಎಂದು ಕೇಳುವವರು ನಾವು. ಆಲಮಟ್ಟಿ ಎತ್ತರವನ್ನು 519.6ರಿಂದ 524.256 ಮೀಟರ್‌ಗೆ ಏರಿಸುತ್ತೇವೆ ಅಂದರೆ ಮೇಲಿರುವ ಮಹಾರಾಷ್ಟ್ರ ಸಾಂಗ್ಲಿ, ಕೊಲ್ಹಾಪುರ ಮುಳುಗುತ್ತದೆ ಎನ್ನುತ್ತದೆ. ಬೇಡ್ತಿ ನೀರನ್ನು ವರದೆಗೆ ತಿರುಗಿಸಿ ಹಾವೇರಿ, ಗದಗಕ್ಕೆ ತರುವ ಯೋಜನೆಗೆ ಒಂದೇ ರಾಜ್ಯದ ಉತ್ತರ ಕನ್ನಡದವರೇ ಅಡ್ಡ ನಿಂತಿದ್ದಾರೆ.

ಆದರೆ ದೊಡ್ಡ ವ್ಯತ್ಯಾಸ ಒಂದಿದೆ. ರಾಜ್ಯಗಳ ಜಗಳಕ್ಕೆ 1956ರ ಕಾಯ್ದೆ ಇದೆ, ನ್ಯಾಯಮಂಡಳಿ ಇದೆ, ಸುಪ್ರೀಂ ಕೋರ್ಟ್ ಇದೆ. ತಡವಾಗುತ್ತದೆ. ಮಹದಾಯಿ ಅದಕ್ಕೆ ಸಾಕ್ಷಿ. 2022ರಲ್ಲಿ ಕೇಂದ್ರ ಜಲ ಆಯೋಗ ಒಪ್ಪಿದ ಮೇಲೂ ಕೆಲಸ ಅರಣ್ಯ, ವನ್ಯಜೀವಿ ಒಪ್ಪಿಗೆಯಲ್ಲಿ ಸಿಕ್ಕಿಬಿತ್ತು. ಆದರೂ ಯಾರೂ ಸೈನ್ಯ ಕಳಿಸುವುದಿಲ್ಲ. ದೇಶಗಳ ನಡುವೆ ಒಪ್ಪಂದ ಒಂದೇ ಗೋಡೆ.

ಮುಂದೆ ಏನಾಗಬಹುದು?

ಸಿಂಧುವಿನಲ್ಲಿ ಈ ಹತ್ತು ವರ್ಷದಲ್ಲಿ ನೀರಿನ ಮೊತ್ತ ದೊಡ್ಡದಾಗಿ ಬದಲಾಗುವ ಸಾಧ್ಯತೆ ಕಡಿಮೆ. ಚೆನಾಬ್ ಕಣಿವೆಯ ಪಕಲ್ ದುಲ್, ರಾತಲೆಯಂಥ ಯೋಜನೆಗಳಿಗೆ ವೇಗ ಬರುತ್ತದೆ. ನೀರನ್ನು ಕಾಲುವೆಯಲ್ಲಿ ರಾಜಸ್ಥಾನಕ್ಕೆ ಒಯ್ಯುತ್ತೇವೆ ಎಂದು ಅಮಿತ್ ಶಾ ಹೇಳಿದ್ದಾರೆ. ಅದಕ್ಕೆ ಗುಡ್ಡ ಕೊರೆಯಬೇಕು, ವರ್ಷಗಳು ಬೇಕು. ಅಲ್ಲಿಯವರೆಗೆ ನಿಜವಾದ ಬದಲಾವಣೆ ಗೇಟಿನ ವೇಳಾಪಟ್ಟಿಯಲ್ಲಿ. ಸಣ್ಣ ಸಣ್ಣ ಕೊಳಗಳು ಸಾಲಾಗಿ ಕೂಡಿದರೆ ಬಿತ್ತನೆ ಕಾಲದಲ್ಲಿ ನೀರಾಡಿಸುವ ಶಕ್ತಿ ಬೆಳೆಯುತ್ತದೆ. ಇನ್ನೊಂದು ಪರಿಣಾಮ ಈಶಾನ್ಯದಲ್ಲಿ ಕಾಣಬಹುದು. ಪಶ್ಚಿಮದಲ್ಲಿ ಮಾಹಿತಿ ಕೊಡುವುದು ನಮ್ಮ ಇಷ್ಟ ಎಂದ ಭಾರತ, ಬ್ರಹ್ಮಪುತ್ರದ ಮಾಹಿತಿ ಕೊಡುವುದು ನಿಮ್ಮ ಕರ್ತವ್ಯ ಎಂದು ಚೀನಾವನ್ನು ಕೇಳಬೇಕಾಗುತ್ತದೆ. ಸಿಂಧು ಮತ್ತು ಸಟ್ಲೆಜ್ ಹುಟ್ಟುವುದೂ ಟಿಬೆಟ್‌ನಲ್ಲೇ.

ಪರೀಕ್ಷೆ ಹತ್ತಿರದಲ್ಲೇ ಇದೆ. ಫರಕ್ಕಾ ಜಗಳಕ್ಕೆ ಉತ್ತರವಾಗಿ 1996ರ ಡಿಸೆಂಬರ್ 12ರಂದು ದೆಹಲಿಯಲ್ಲಿ ಗಂಗಾ ಒಪ್ಪಂದಕ್ಕೆ ಸಹಿ ಬಿತ್ತು. ಬಾಂಗ್ಲಾದ ಪರ ಶೇಖ್ ಹಸೀನಾ, ಭಾರತದ ಪರ ಆಗ ಪ್ರಧಾನಿಯಾಗಿದ್ದ ನಮ್ಮ ಎಚ್.ಡಿ. ದೇವೇಗೌಡರು. ಆ ಒಪ್ಪಂದ ಹಂಚಿದ್ದೂ ಕಾಲವನ್ನೇ. ಜನವರಿಯಿಂದ ಮೇವರೆಗೆ, ಹತ್ತು ಹತ್ತು ದಿನದ ಲೆಕ್ಕ. ಹರಿವು 70,000 ಕ್ಯೂಸೆಕ್‌ಗಿಂತ ಕಡಿಮೆಯಾದರೆ ಅರ್ಧರ್ಧ. ಅದರ ಅವಧಿ ಮೂವತ್ತು ವರ್ಷ, ಅಂದರೆ 2026ರ ಡಿಸೆಂಬರ್‌ವರೆಗೆ. ಸಹಿ ಹಾಕಿದ ಹಸೀನಾ 2024ರಲ್ಲಿ ಅಧಿಕಾರ ಕಳೆದುಕೊಂಡು ಭಾರತಕ್ಕೆ ಬಂದರು. ಆಮೇಲೆ ಢಾಕಾ ಜೊತೆಗಿನ ಮಾತು ಬಿಗಿಯಾಯಿತು. ಪಶ್ಚಿಮ ಬಂಗಾಳಕ್ಕೆ ತನ್ನದೇ ತಕರಾರಿದೆ. 2011ರಲ್ಲಿ ತೀಸ್ತಾ ಒಪ್ಪಂದ ನಿಂತದ್ದು ಆ ರಾಜ್ಯದ ವಿರೋಧದಿಂದಲೇ. ಈ ಸಲ ಹೊಸ ಕಾಗದದಲ್ಲಿ ಕ್ಯೂಸೆಕ್ ಸಂಖ್ಯೆಯನ್ನೇ ಎಲ್ಲರೂ ಮೊದಲು ನೋಡುತ್ತಾರೆ. ಅದರ ಕೆಳಗೆ, ಗೇಟಿನ ಅಳತೆಯನ್ನು ಯಾರು, ಎಷ್ಟು ದಿನಕ್ಕೊಮ್ಮೆ, ಯಾರಿಗೆ ಕಳಿಸಬೇಕು ಎಂದು ಬರೆದ ಸಾಲು ಇದೆಯೋ ಇಲ್ಲವೋ ಅದನ್ನೂ ನೋಡಬೇಕು.